ಕಿತ್ತಳೆ ಪಟ್ಟಿಯ ಗೂಟಗಳು

ಬುಲ್‌ಡೋಜರ್ ಬಂದು ನಿಂತಿತು, ಆದರೆ ಎಲ್ಲಿಂದ ಕೆಡವಬೇಕೆಂದು ತೋರಿಸುವ ಗೂಟಗಳೇ ಇರಲಿಲ್ಲ. ಹಿಂದಿನ ದಿನವಷ್ಟೇ ಸರ್ವೆಯವರು ನದಿಯ ಒಡ್ಡಿನ ಪಕ್ಕ, ಚಿಟ್ಟೆವನದ ನಟ್ಟನಡುವೆ, ಸರ್ಕಾರ ದೇಶದ ಗಡಿಗೆ ಕಟ್ಟಿಸುತ್ತಿದ್ದ ಗೋಡೆಯ ಗೆರೆ ಹಿಡಿದು ಗೂಟ ಹೊಡೆದು ಹೋಗಿದ್ದರು. ಬೆಳಿಗ್ಗೆ ನೋಡಿದರೆ ಒಂದೂ ನೆಟ್ಟಗೆ ನಿಂತಿಲ್ಲ. ಕೆಲವು ಅಡ್ಡ ಬಿದ್ದಿದ್ದವು, ಕೆಲವು ಮುರಿದಿದ್ದವು, ಉಳಿದವು ಯಾವ ಪೊದೆ ಸೇರಿದ್ದವೋ.

ಚಿಟ್ಟೆವನ ನೋಡಿಕೊಳ್ಳುವ ಮಾರಿಸೆಲಾಗೆ ಖುಷಿಪಡಬೇಕೋ ಹೆದರಬೇಕೋ ತಿಳಿಯಲಿಲ್ಲ. ಇವತ್ತು ಮಂಗಳವಾರ. ಗೋಡೆಗೆ ತಡೆಯಾಜ್ಞೆ ಕೋರಿ ಅವಳು ಹಾಕಿದ್ದ ಅರ್ಜಿ ನ್ಯಾಯಾಧೀಶರ ಮುಂದೆ ಬರುವುದು ಗುರುವಾರ. ಅಷ್ಟರೊಳಗೆ ಮರಗಳು ಉರುಳಿದರೆ ಆಮೇಲೆ ಯಾವ ಆಜ್ಞೆ ಬಂದೂ ಉಪಯೋಗವಿಲ್ಲ. ಹಾಗಂತ ಗೂಟಕ್ಕೆ ಯಾರಾದರೂ ಕೈ ಹಚ್ಚಿದರೆ ಜೈಲು, ಮೊಕದ್ದಮೆಯೂ ಅಲ್ಲಿಗೆ ಮುಗಿಯಿತು ಎಂದು ವಕೀಲೆ ಹೇಳಿ ಹೇಳಿ ಬಾಯಿ ನೋಯಿಸಿಕೊಂಡಿದ್ದಳು. ಮಾರಿಸೆಲಾ ಅದನ್ನೇ ತನ್ನ ಜನರಿಗೆಲ್ಲ ಹೇಳಿದ್ದಳು.

"ಯಾರು ಕಿತ್ತಿದ್ದು ಅಂತ ಈಗಲೇ ಹೇಳಿಬಿಡಮ್ಮ," ಎಂದ ಗುತ್ತಿಗೆದಾರನ ಮೇಸ್ತ್ರಿ ಹ್ಯಾಸ್ಕೆಲ್. ಫೋನು ಆಗಲೇ ಕೈಯಲ್ಲಿತ್ತು. "ಷೆರೀಫ್ ಬಂದ ಮೇಲೆ ನಾನು ಇಷ್ಟು ಮರ್ಯಾದೆಯಿಂದ ಕೇಳೋದಿಲ್ಲ."

"ನಾನು ಕಿತ್ತಿದ್ರೆ ನಿಮ್ಮ ಕಣ್ಣಿಗೆ ಬೀಳೋ ಹಾಗೆ ಇಲ್ಲೇ ಬಿಟ್ಟಿರ್ತಿದ್ನಾ? ಒಲೆಗೆ ಹಾಕಿರ್ತಿದ್ದೆ," ಎಂದಳು ಮಾರಿಸೆಲಾ.

ಬುಲ್‌ಡೋಜರಿನಿಂದ ನೊರ್ಬೆರ್ತೊ ಇಳಿದು ಬಂದ. ಅವನು ಮಾರಿಸೆಲಾಳ ಚಿಕ್ಕಮ್ಮ ಒಬ್ದುಲಿಯಾಳ ಮಗ. ಒಬ್ದುಲಿಯಾ ಇದೇ ಚಿಟ್ಟೆವನದಲ್ಲಿ ಕೆಲಸಕ್ಕಿರುವವಳು. ಮಗ ಗೋಡೆಯ ಕೆಲಸಕ್ಕೆ ಸೇರಿದಂದಿನಿಂದ ಅವನಿಗೆ ಊಟ ಬಡಿಸುತ್ತಿದ್ದಳು, ಮಾತಾಡಿಸುತ್ತಿರಲಿಲ್ಲ. ಈಗಲೂ ಕೈಯಲ್ಲಿ ಬ್ರಷ್ಷು ಹಿಡಿದು, ಕಣ್ಣು ಕಿರಿದು ಮಾಡಿಕೊಂಡು, ಮಗ ಬಿಟ್ಟು ಮಿಕ್ಕೆಲ್ಲ ಕಡೆ ನೋಡುತ್ತಿದ್ದಳು.

ನೊರ್ಬೆರ್ತೊ ಒಂದು ಮುರಿದ ಗೂಟ ಎತ್ತಿಕೊಂಡ. ಅದರ ಮೇಲೆ ಹಲ್ಲಿನ ಗುರುತು. ಸುತ್ತ ಮಣ್ಣೆಲ್ಲ ಗೊರಸಿನಿಂದ ಕೆದರಿಹೋಗಿತ್ತು. ಮೂಗಿನ ಹತ್ತಿರ ಹಿಡಿದ. ಹಿಡಿದವನು ಹಾಗೇ ನಿಂತ. ಕಳಿತ ಬಾಳೆಹಣ್ಣು, ಕಂದು ಸಕ್ಕರೆ, ಹಳಸಿದ ಬಿಯರ್ ಕಲಸಿ ಹುಳಿ ಬರಿಸಿದ ರಸಾಯನ. ಚಿಟ್ಟೆ ಬರಲೆಂದು ಇಲ್ಲಿ ಮರದ ಕಾಂಡಗಳಿಗೆ ಬಳಿಯುವುದು. ಅವನ ಬಾಲ್ಯವಿಡೀ ಅಮ್ಮನ ಏಪ್ರನ್ನಿನಿಂದ ಬರುತ್ತಿದ್ದ ನಾತ ಅದು.

ಅಷ್ಟು ಹೊತ್ತಿಗೆ ಮಾರಿಸೆಲಾಳಿಗೂ ಕಂಡಿತು. ಕಾಲ ಬಳಿಯ ಗೂಟದ ಮೇಲೆ ಒಂದು ನೀಲಿ ಚಿಟ್ಟೆ ಕೂತು, ಸೊಂಡಿಲು ಚಾಚಿ, ಹಾಯಾಗಿ ಹೀರುತ್ತಿತ್ತು. ಗೂಟದ ತುದಿಯಲ್ಲಿ ಕಿತ್ತಳೆ ಬಣ್ಣದ ಪಟ್ಟಿ. ಯಾವ ಮರಕ್ಕೆ ರಸಾಯನ ಬಳಿಯಬೇಕೆಂದು ಗುರುತಿಗೆ ಅವಳೇ ಕಟ್ಟಿಸಿದ್ದ ಪಟ್ಟಿಯದೂ ಅದೇ ಬಣ್ಣ. ಗಂಟಲವರೆಗೆ ನುಗ್ಗಿದ ನಗುವನ್ನು ಅವಳು ಕೆಮ್ಮಿ ನುಂಗಿದಳು.

ನೊರ್ಬೆರ್ತೊ ಅಮ್ಮನ ಕೈಯ ಬ್ರಷ್ಷು ನೋಡಿದ, ಮೇಸ್ತ್ರಿಯ ಕೈಯ ಫೋನು ನೋಡಿದ. "ಹಂದಿ," ಎಂದ. "ಹವೆಲೀನಾ ಹಂದಿಗಳು. ಹಲ್ಲು ನೋಡಿ, ಹೆಜ್ಜೆ ನೋಡಿ. ಮನುಷ್ಯರ ಕೆಲಸ ಅಲ್ಲ."

"ಒಣ ಕಟ್ಟಿಗೆ ತಿನ್ನೋಕೆ ಹಂದಿಗೇನು ಹುಚ್ಚಾ?" ಎಂದ ಹ್ಯಾಸ್ಕೆಲ್.

"ನನ್ನ ಕೇಳಿದ್ರೆ? ನಾನೇನು ಹಂದಿನಾ?"

ಕೂಲಿಗಳು ಕಿಸಕ್ಕೆಂದರು. ಹ್ಯಾಸ್ಕೆಲ್ ಗೂಟ ಕಿತ್ತುಕೊಂಡು ಮೂಸಿದ. ದವಡೆಯಲ್ಲಿ ಹೊಗೆಸೊಪ್ಪು ತುಂಬಿಕೊಂಡವನಿಗೆ ಏನು ಗೊತ್ತಾದೀತು. ಗೊರಸಿನ ಗುರುತುಗಳ ಫೋಟೋ ಹೊಡೆದುಕೊಂಡು ಬೈಯುತ್ತ ಹೋದ. ಗೆರೆಯಿಲ್ಲದೆ ಕೆಡವಿ, ಒಂದು ಮರ ಆಚೀಚೆಯಾದರೂ ಅವನ ತಲೆಯೇ ಹೋಗುತ್ತಿತ್ತು. ಇವತ್ತೇ ಹೊಸ ಗೂಟ ಹೊಡೆಸುತ್ತೇನೆ, ನಾಳೆ ಬೆಳಿಗ್ಗೆ ಕೆಲಸ ಶುರು ಎಂದು ಹೇಳಿಯೇ ಹೋದ. ನೊರ್ಬೆರ್ತೊ ಮತ್ತೆ ಬುಲ್‌ಡೋಜರ್ ಹತ್ತುವಾಗ ಒಬ್ದುಲಿಯಾ ಅವನ ಕಡೆ ನೋಡದೆಯೇ, ಮಧ್ಯಾಹ್ನಕ್ಕೆ ತಮಾಲೆ ಮಾಡುತ್ತೇನೆ, ಆರುವ ಮೊದಲು ಬಂದು ತಿನ್ನು ಎಂದಳು.

ಸಾಮಾನಿನ ಕೋಣೆಗೆ ಬಂದ ಮೇಲೆ ಮಾರಿಸೆಲಾ ಬಾಗಿಲು ಮುಚ್ಚಿದಳು. "ಚಿಕ್ಕಮ್ಮ, ನಿನ್ನೆ ಸಂಜೆ ಏನು ಮಾಡಿದೆ ನೀನು?"

"ಕಿತ್ತಳೆ ಪಟ್ಟಿ ಇದ್ದಿದ್ದಕ್ಕೆಲ್ಲ ಬಳಿ ಅಂತ ನೀನೇ ಅಲ್ವೇನೇ ಹೇಳಿದ್ದು?"

"ಮರಕ್ಕೆ ಹೇಳಿದ್ದು. ಅವು ಸರ್ವೆ ಗೂಟ."

ಒಬ್ದುಲಿಯಾಳ ಮುಖ ಬಿಳಿಚಿಕೊಂಡಿತು. "ಕನ್ನಡಕ ಎಲ್ಲೋ ಬಿಟ್ಟಿದೀನಿ ಕಣೇ. ಈ ಸಲ ಮರಗಳು ಯಾಕೋ ತೀರಾ ಬಡಕಲು ಅಂತ ನನಗೂ ಅನ್ನಿಸ್ತು."

ಮಾರಿಸೆಲಾ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕುಸಿದು ಕೂತು ನಕ್ಕಳು. ಕಣ್ಣೀರು ಒರೆಸಿಕೊಂಡು ಮತ್ತೆ ನಕ್ಕಳು. ಒಬ್ದುಲಿಯಾಗೆ ಮಾತ್ರ ನಗು ಬರಲಿಲ್ಲ. ತನ್ನನ್ನು ಜೈಲಿಗೆ ಹಾಕುತ್ತಾರೋ ಎಂದು ಕೇಳಿದಳು, ಕನ್ನಡಕ ಸಿಗುವವರೆಗೆ ಬ್ರಷ್ಷು ಮುಟ್ಟುವುದಿಲ್ಲ ಎಂದು ಮೇರಿ ಮಾತೆಯ ಮೇಲೆ ಆಣೆ ಮಾಡಲು ಹೊರಟಳು. ಆಣೆಗೀಣೆ ಬೇಡ ಎಂದು ಮಾರಿಸೆಲಾ ಅವಳ ಕೈ ಹಿಡಿದು ತಡೆದಳು.

ಆಚೆ ಒಡ್ಡಿನ ಕಡೆಯಿಂದ ಸುತ್ತಿಗೆಯ ಸದ್ದು ಶುರುವಾಯಿತು. ಹೊಸ ಗೂಟಗಳು. ಮಾರಿಸೆಲಾ ಎದ್ದು ಕಿಟಕಿಯಲ್ಲಿ ಇಣುಕಿದಳು: ಮತ್ತೆ ಅದೇ ಕಿತ್ತಳೆ ಪಟ್ಟಿ. ಗುರುವಾರಕ್ಕೆ ಇನ್ನೂ ಎರಡು ರಾತ್ರಿ ಅಡ್ಡವಿತ್ತು. ಅವಳು ಅಟ್ಟಣೆಯ ಮೇಲಿನ ಸಕ್ಕರೆ ಡಬ್ಬಿಗೆ ಕೈ ಚಾಚಿದಳು. ಡಬ್ಬಿಯ ಹಿಂದೆ, ರಸಾಯನ ಮೆತ್ತಿಕೊಂಡ ಕನ್ನಡಕ ಮಡಚಿಕೊಂಡು ಕೂತಿತ್ತು.

"ಏನೇ, ಸಿಕ್ತಾ?" ಎಂದು ಒಬ್ದುಲಿಯಾ ಹಿಂದಿನಿಂದ ಕೇಳಿದಳು.

ಮಾರಿಸೆಲಾ ಕನ್ನಡಕವನ್ನು ಜೇಬಿಗಿಳಿಸಿದಳು. "ಸಕ್ಕರೆ ಸಿಕ್ತು," ಎಂದಳು. "ಸಂಜೆ ಬಳಿಯೋಕೆ ನೀನೇ ಹೋಗು, ಚಿಕ್ಕಮ್ಮ."