ಎಣ್ಣೆ ಬಿಡದ ಮತ್ತಿ

ಮತ್ತಿ ಮೀನು, ಅಂದರೆ ಬೂತಾಯಿ, ಸೀದ ವಾಸನೆ ಬಂದರೆ ಈಗಲೂ ನನಗೆ ಕೂತಲ್ಲಿ ಕೂರಲಾಗುವುದಿಲ್ಲ.

ಕೇರಳದ ಗಡಿಗೆ ಹತ್ತಿರದ ತಮಿಳು ಊರು ಪೋತ್ತನೂರಿನ ನಮ್ಮ ಮನೆಯಲ್ಲಿ ಅಜ್ಜಿ ಮತ್ತಿ ಹುರಿಯಲು ಎಣ್ಣೆ ಹಾಕುತ್ತಿರಲಿಲ್ಲ. ಮಳೆಗಾಲ ಕಳೆದ ಮೇಲಿನ ಮತ್ತಿ ಕಾದ ಕಾವಲಿಯ ಮೇಲೆ ತನ್ನ ಕೊಬ್ಬಿನಲ್ಲೇ ಹುರಿದುಕೊಳ್ಳುತ್ತಿತ್ತು. ಒಂದು ಮಧ್ಯಾಹ್ನ ಮಾತ್ರ ಮೀನಿನ ಚರ್ಮವೆಲ್ಲ ಕಾವಲಿಗೆ ಅಂಟಿಕೊಂಡು ಮನೆ ತುಂಬ ಹೊಗೆಯಾಯಿತು.

“ಏನಡೀ, ಮೀನ್ ಸೀದೋಯ್ತಾ?” ಒಳಗೆ ನೇಯುತ್ತಿದ್ದ ತಾತ ಮಗ್ಗ ನಿಲ್ಲಿಸಿ ಕೇಳಿದರು.

ಅಜ್ಜಿ ಬೀದಿಗೆ ಓಡಿದಳು. ನಾನೂ ಹಿಂದೆಯೇ ಓಡಿದೆ. ಕೇರಳದ ರೈಲಿನಲ್ಲಿ ಮೀನು ತರುತ್ತಿದ್ದ ಆಮಿನಾ ಇನ್ನೂ ಬೀದಿ ತಿರುವಿನಲ್ಲಿದ್ದಳು.

“ಹಳೇ ಮೀನು ತಂದು ನಮ್ಮ ತಲೆಗೆ ಕಟ್ಟಿದೆಯಲ್ಲೇ!” ಎಂದು ಅಜ್ಜಿ ತಮಿಳಿನಲ್ಲಿ ರೇಗಿದಳು.

ಆಮಿನಾ ಜಗಳಕ್ಕೆ ನಿಲ್ಲಲಿಲ್ಲ. ಬುಟ್ಟಿಯಿಂದ ಒಂದು ಮತ್ತಿ ಎತ್ತಿ, ನನ್ನ ಬೆರಳು ಹಿಡಿದು ಅದರ ಹೊಟ್ಟೆ ಒತ್ತಿಸಿದಳು. ಕಣ್ಣು ಫಳಫಳ ಹೊಳೆಯುತ್ತಿದ್ದರೂ ಹೊಟ್ಟೆ ಕಾಗದದಷ್ಟು ತೆಳುವಾಗಿತ್ತು.

“ಬೆಳಗ್ಗೆ ಹಿಡಿದದ್ದೇ, ಅಮ್ಮಾ. ಕಡಲು ಬಿಸಿಯಾಗಿದೆ. ಇವಕ್ಕೇ ತಿನ್ನಲು ಸಿಗುತ್ತಿಲ್ಲ, ಕೊಬ್ಬು ಎಲ್ಲಿಂದ ಬರಬೇಕು?”

ಅಜ್ಜಿ ಮನೆಗೆ ಬಂದು ಎಣ್ಣೆ ಡಬ್ಬಿ ಕೆಳಗಿಳಿಸಿದಳು.

ಮುಂದಿನ ವಾರ ಆಮಿನಾ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಕಡಲಲ್ಲಿ ಮತ್ತಿಯೇ ಸಿಗುತ್ತಿಲ್ಲವಂತೆ ಎಂದು ಬೀದಿಯವರು ಹೇಳಿದರು. ಅಜ್ಜಿ ಮಾತ್ರ ಕಾವಲಿ ಉಜ್ಜಿಟ್ಟು, ರೈಲು ಕೂಗಿದಾಗಲೆಲ್ಲ ಬಾಗಿಲಿಗೆ ಹೋಗಿ ಬರುತ್ತಿದ್ದಳು.