ಅರ್ಧ ನೀನು, ಅರ್ಧ ನಾನು

ಜೀವಶಾಸ್ತ್ರದ ಪ್ರೊಫೆಸರರಿಗೆ ಎರಡೂ ಕಿಡ್ನಿ ಕೈಕೊಟ್ಟಿದ್ದವು. ಕೈಕೊಡದೆ ಉಳಿದವನು ತಮ್ಮನೊಬ್ಬನೇ. ತನ್ನದೊಂದು ಕಿಡ್ನಿ ಕೊಡಲು ಅವನು ಒಪ್ಪಿದ್ದ; ಆಪರೇಷನ್ ನಾಳೆ. ಡಯಾಲಿಸಿಸ್ ಯಂತ್ರ ಗುರುಗುಡುತ್ತಿತ್ತು. ಮಂಚದ ಪಕ್ಕ ಕುಳಿತ ತಮ್ಮ, ಅಣ್ಣ ಬರೆದ ಪುಸ್ತಕ ಓದುತ್ತಿದ್ದ.

“ಅಣ್ಣಯ್ಯ, ನ್ಯಾಯ ಅನ್ಯಾಯ ಎಲ್ಲ ಬರೀ ಭ್ರಮೆ ಅಂತ ಬರ್ದಿದೀಯಲ್ಲ, ನಿಜವಾ?”

“ಮತ್ತೆ? ಎಲ್ಲ ವಿಕಾಸದ ಆಟ ಕಣೋ. ಮಂಗ ಬಾಲ ಕಳ್ಕೊಂಡ, ಧರ್ಮ ಬೆಳೆಸ್ಕೊಂಡ.”

“ಹಂಗಾದ್ರೆ ನಾನು ಕಿಡ್ನಿ ಕೊಡೋದು ದೊಡ್ಡ ಗುಣ ಅಲ್ವಾ?”

“ಗುಣ ಅಲ್ಲ ಮಾರಾಯ, ಗುಣಾಕಾರ. ನಿನ್ನ ಅರ್ಧ ಜೀನು ನನ್ನೊಳಗಿವೆ. ಅವು ತಮ್ಮನ್ನ ತಾವೇ ಉಳಿಸ್ಕೋತಿವೆ, ಅಷ್ಟೇ.”

“ರಕ್ತಸಂಬಂಧ ಇಲ್ಲದೋನು ಕೊಡ್ತೀನಿ ಅಂತ ಹೇಳಿ, ಕೊಡದೆ ಎದ್ದುಹೋದ್ರೆ?”

“ಹೋಗ್ಲಿ. ಅದ್ರಲ್ಲಿ ತಪ್ಪೇನು ಬಂತು?”

ತಮ್ಮ ಮೆಲ್ಲಗೆ ನಕ್ಕ. ಪುಸ್ತಕ ಮುಚ್ಚಿ ಅಣ್ಣನ ಎದೆಯ ಮೇಲಿಟ್ಟ. ಮಂಚದ ಕೆಳಗಿದ್ದ ಚಪ್ಪಲಿ ಎಳೆದು ಮೆಟ್ಟಿಕೊಂಡ.

“ಎಲ್ಲಿಗೋ?”

“ನಾವಿಬ್ರೂ ಒಡಹುಟ್ಟಿದೋರು ಅನ್ನೋದಕ್ಕೆ ಆಸ್ಪತ್ರೆಯೋರು ಡಿಎನ್‌ಎ ಟೆಸ್ಟ್ ಮಾಡ್ಸಿದ್ರಲ್ಲ, ಬೆಳಿಗ್ಗೆ ವರದಿ ಬಂತು. ನಾನು ನಿಮ್ಮ ತಮ್ಮ ಅಲ್ವಂತೆ, ಸಾರ್.”