ಬಾಗಿಲಿಗೆ ಬಂದ ವಿಮಾನ

ವಿಮಾನ ನಿಲ್ದಾಣದ ಅಗ್ನಿಶಾಮಕ ಠಾಣೆಯ ಮುಖ್ಯಸ್ಥನಿಗೆ ಹೇಳಿಕೊಳ್ಳಲು ಒಂದು ಅಪಘಾತವೂ ಇರಲಿಲ್ಲ. ಒಂಬತ್ತು ವರ್ಷ ಕೆಂಪು ಗಾಡಿಯನ್ನು ತೊಳೆದ, ಒರೆಸಿದ, ಮುಖ ಕಾಣುವಂತೆ ಉಜ್ಜಿದ. ಅಷ್ಟು ವರ್ಷದಲ್ಲಿ ಅವನ ಕಣ್ಣೆದುರು ಉರಿದದ್ದು ಭಾಮೈದನ ಹೊಟ್ಟೆಯೊಂದೇ. ಕೂತು ತಿನ್ನುವ ಕೆಲಸ, ಪುಣ್ಯ ಮಾಡಿರಬೇಕು ಎಂದು ಭಾಮೈದ ಬಂದಾಗಲೆಲ್ಲ ಹೇಳುತ್ತಿದ್ದ.

ಈಗ ಖರ್ಚು ಇಳಿಸುವ ಸಾಹೇಬ ಬಂದು ಎದುರಿಗೆ ಕೂತಿದ್ದ. ಠಾಣೆ ಮುಚ್ಚಿ, ಬೇಕಾದಾಗ ಊರೊಳಗಿನ ಗಾಡಿ ಕರೆಸಿಕೊಂಡರೆ ಸಾಲದೇ ಎಂದು ನೋಡಿಹೋಗಲು ಬಂದವನು. ಮುಚ್ಚಿದರೆ ಮುಖ್ಯಸ್ಥನಿಗೂ ಅವನ ಡ್ರೈವರಿಗೂ ಪಾರ್ಕಿಂಗ್ ಚೀಟಿ ಹರಿಯುವ ಕೆಲಸ ಕಾದಿತ್ತು.

"ಗಾಡಿ ಎಷ್ಟು ಸಲ ಹೊರಗೆ ಹೋಗಿದೆ?" ಎಂದು ಸಾಹೇಬ ಕೇಳಿದ.

"ಅಭ್ಯಾಸಕ್ಕೆ ದಿನಾ ಹೋಗುತ್ತೆ ಸಾರ್."

"ಅಭ್ಯಾಸ ಬಿಡಿ. ಕೆಲಸಕ್ಕೆ?"

ಮುಖ್ಯಸ್ಥ ಡ್ರೈವರನ ಮುಖ ನೋಡಿದ. "ಒಂದ್ಸಲ ರನ್‌ವೇಗೆ ನಾಯಿ ನುಗ್ಗಿತ್ತಲ್ಲ ಸಾರ್," ಎಂದ ಡ್ರೈವರ್.

"ಬೆಂಕಿ ಹತ್ತಿತ್ತಾ ನಾಯಿಗೆ?"

ಹೊರಗಿನಿಂದ ಧೂಳು ಬಂತು, ಸಾಹೇಬ ಮೂಗಿಗೆ ಕರವಸ್ತ್ರ ಒತ್ತಿಕೊಂಡ. ಮುಖ್ಯಸ್ಥನಿಗೆ ಸಾಹೇಬನ ಮೂಗಿಗಿಂತ ಬೆಳಿಗ್ಗೆ ಉಜ್ಜಿದ ಗಾಡಿಯ ಚಿಂತೆ. ವಿಮಾನ ಇಳಿಯುವ ಹೊತ್ತಿನಲ್ಲಿ ಗಾಡಿಯ ಮುಂದಿನ ಶಟರ್ ತೆರೆದೇ ಇರಬೇಕೆಂದು ಗೋಡೆಯ ಮೇಲೆ ದೊಡ್ಡಕ್ಷರದಲ್ಲಿ ಬರೆಸಿದವನು ಅವನೇ. ಎದ್ದು ಹೋಗಿ ಶಟರ್ ಕೆಳಗೆಳೆದವನೂ ಅವನೇ. ಎಳೆಯುತ್ತ, ದೊಡ್ಡ ಅಪಘಾತ ಬೇಡ ದೇವರೇ, ಯಾರಿಗೂ ಏನೂ ಆಗದಂಥ ಸಣ್ಣದೊಂದು ಕೊಡು ಎಂದು ಮನಸ್ಸಿನಲ್ಲೇ ಕೇಳಿಕೊಂಡ.

ಕಿಟಕಿಯಲ್ಲಿ ಮಧ್ಯಾಹ್ನದ ವಿಮಾನ ಕಾಣಿಸಿತು. ಎತ್ತರ ಜಾಸ್ತಿ, ವೇಗ ಇನ್ನೂ ಜಾಸ್ತಿ. ಒಂದು ರೆಕ್ಕೆ ಏಳುತ್ತಿತ್ತು, ಇನ್ನೊಂದು ಬೀಳುತ್ತಿತ್ತು.

"ಇದೇನು ಇಳಿಯೋಕೆ ಬಂತೋ, ಊರು ನೋಡೋಕೆ ಬಂತೋ," ಎಂದ ಡ್ರೈವರ್.

"ಇಂಥ ಸ್ಥಿತೀಲಿ ಯಾರೂ ಇಳಿಸಲ್ಲ. ಮೇಲೆತ್ತಿ ಇನ್ನೊಂದು ಸುತ್ತು ಬರ್ತಾನೆ ನೋಡು," ಎಂದ ಮುಖ್ಯಸ್ಥ.

ಪೈಲಟ್ ಮೇಲೆತ್ತಲಿಲ್ಲ. ಅರ್ಧ ರನ್‌ವೇ ದಾಟಿದ ಮೇಲೆ ಚಕ್ರ ನೆಲಕ್ಕೆ ಬಡಿಯಿತು, ನೆಗೆಯಿತು, ಮತ್ತೆ ಬಡಿಯಿತು. ಟೈರು ಸಿಡಿದು ವಿಮಾನ ಹುಲ್ಲಿಗೆ ಇಳಿದು, ದಾರಿ ತಪ್ಪಿದ ಎಮ್ಮೆಯ ಹಾಗೆ ನೇರ ಠಾಣೆಯತ್ತ ಬಂತು. ಸಾಹೇಬ ಮೇಜಿನ ಕೆಳಗೆ ಹೋದ. ಶಟರ್ ಒಳಕ್ಕೆ ಉಬ್ಬಿ ಕಿರುಗುಟ್ಟಿ ನಿಂತಿತು. ಡ್ರೈವರ್ ಗುಂಡಿ ಒತ್ತಿದ, ಜಗ್ಗಿದ, ಒದ್ದ. ಅದು ಅಲುಗಲಿಲ್ಲ.

ಮುಖ್ಯಸ್ಥ ಪಕ್ಕದ ಸಣ್ಣ ಬಾಗಿಲಿನಿಂದ ಹೊರಗೆ ಓಡಿದ. ಬೆಂಕಿಯಿಲ್ಲ, ಹೊಗೆಯೂ ಇಲ್ಲ. ವಿಮಾನದ ಮೂಗು ಶಟರಿಗೆ ಮುತ್ತಿಕ್ಕಿ ನಿಂತಿತ್ತು. ಮೇಲಿನ ಕಿಟಕಿ ತೆರೆದು ಪೈಲಟ್ ತಲೆ ಹೊರಗೆ ಹಾಕಿದ.

"ಏಯ್, ಯಾರಾದ್ರೂ ಬೇಗ ಫೈರ್ ಸ್ಟೇಷನ್‌ಗೆ ಹೇಳ್ರಯ್ಯ."

"ಇದೇ ಫೈರ್ ಸ್ಟೇಷನ್ನು ಸ್ವಾಮಿ. ನೀವು ಬಾಗಿಲಿಗೆ ಅಡ್ಡ ನಿಂತಿದ್ದೀರಿ. ಸ್ವಲ್ಪ ಹಿಂದಕ್ಕೆ ತಗೊಂಡ್ರೆ ನಮ್ಮ ಗಾಡಿ ಈಚೆಗೆ ಬರುತ್ತೆ."

"ನಿಲ್ಲಿಸೋಕೇ ಆಗದೆ ಬಂದಿದ್ದೀನಿ, ಹಿಂದಕ್ಕೆ ಬೇರೆ ತಗೋಬೇಕಂತೆ," ಎಂದು ಪೈಲಟ್ ತಲೆ ಒಳಗೆಳೆದುಕೊಂಡ.

ಪ್ರಯಾಣಿಕರು ಜಾರುಬಂಡೆಯಲ್ಲಿ ಒಬ್ಬೊಬ್ಬರಾಗಿ ಜಾರಿ ಬಂದರು. ಮುಖ್ಯಸ್ಥ ಎಲ್ಲರನ್ನೂ ಕೈಹಿಡಿದು ಎಬ್ಬಿಸಿ ಠಾಣೆಯೊಳಗೆ ಕೂರಿಸಿದ. ಯಾರಿಗೂ ಒಂದು ಗೀರೂ ಬಿದ್ದಿರಲಿಲ್ಲ. ಕೇಳಿಕೊಂಡದ್ದನ್ನು ದೇವರು ಅಕ್ಷರಶಃ ಕೊಟ್ಟಿದ್ದ, ಮನೆ ಬಾಗಿಲಿಗೇ ತಂದು. ಮುಖ ತೊಳೆಯುವವರಿಗೆಂದು ಡ್ರೈವರ್ ಗಾಡಿಯ ಟ್ಯಾಂಕಿನಿಂದ ಬಕೆಟ್ಟಿಗೆ ನೀರು ಬಿಟ್ಟ.

ಒಂದೇ ಕಾಲಿಗೆ ಚಪ್ಪಲಿಯಿದ್ದ ಅಜ್ಜಿಯೊಬ್ಬಳು ಮುಖ ಒರೆಸಿಕೊಂಡು ಗಾಡಿಯನ್ನು ಸವರಿ ನೋಡಿದಳು. "ಚೆನ್ನಾಗಿ ಇಟ್ಕೊಂಡಿದ್ದೀಯಪ್ಪ. ಯಾವಾಗ ತಂದಿದ್ದು?"

"ಒಂಬತ್ತು ವರ್ಷ ಆಯ್ತು, ಅಜ್ಜಿ."

"ಅಯ್ಯೋ, ನೋಡಿದ್ರೆ ಒಂದ್ಸಲಾನೂ ಈಚೆಗೆ ತೆಗ್ದಿಲ್ಲ ಅನ್ಸುತ್ತೆ."

ಮೇಜಿನ ಕೆಳಗಿನಿಂದ ಎದ್ದು ಮೊಣಕಾಲು ಕೊಡವಿಕೊಳ್ಳುತ್ತಿದ್ದ ಸಾಹೇಬನಿಗೆ ಈ ಮಾತು ಕೇಳಿಸಿತು. ಅವನು ಗಾಡಿ ನೋಡಿದ, ಶಟರ್ ನೋಡಿದ.

"ಸಾರ್, ಈಗಲಾದ್ರೂ ಗೊತ್ತಾಯ್ತಲ್ಲ, ಠಾಣೆ ಯಾಕೆ ಬೇಕು ಅಂತ," ಎಂದ ಮುಖ್ಯಸ್ಥ.

"ಗೊತ್ತಾಯ್ತು. ಕೂರೋಕೆ ಜಾಗ ಬೇಕು, ಮುಖ ತೊಳೆಯೋಕೆ ನೀರು ಬೇಕು. ಗಾಡಿ ಯಾಕೆ ಬೇಕು ಅಂತ ಮಾತ್ರ ಗೊತ್ತಾಗಲಿಲ್ಲ."

ಆ ದಿನ ಪ್ರಾಣ ಒಂದೂ ಹೋಗಲಿಲ್ಲ. ಹೋದದ್ದು ವಿಮಾನದ ಎರಡು ಟೈರು, ಠಾಣೆಯ ಒಂದು ಶಟರ್, ಅಜ್ಜಿಯ ಎಡಗಾಲಿನ ಚಪ್ಪಲಿ, ಇಬ್ಬರ ಕೆಲಸ, ಒಂದು ಬಕೆಟ್ ನೀರು.